ಎಡಗಡೆಯ ಪಟ್ಟಿ

ಮುಂದಿನ ಗಾಲಿಗೆ ಕಲ್ಲು ಕೊಡು, ಅಂದರು ಮೇಸ್ತ್ರಿ ಅಂಟ್ವಿ.
ಕೊಟ್ಟೆ.
ಜಾಕು ಚಾಸಿಗೆ. ಆಕ್ಸಲ್ಲಿಗಲ್ಲ, ಚಾಸಿಗೆ.
ಮೈ ಮೇಲೇಳಲಿ, ಕಾಲು ತಾನಾಗಿ ಜೋತುಬೀಳಲಿ.
ಇನ್ನು ಅವರು ಬಾಯಿ ಬಿಡುವುದು ಮಧ್ಯಾಹ್ನಕ್ಕೇ.

ಕುಮಾಸಿಯ ಸುವಾಮೆ. ನೆಲದಲ್ಲಿ ಮಣ್ಣಿಗಿಂತ ಎಣ್ಣೆ ಹೆಚ್ಚು,
ಉಗಿದರೆ ಯಾವುದೋ ನಟ್ಟಿನ ಮೇಲೇ ಬೀಳುತ್ತದೆ.
ಆ ಓಣಿ ಪಿಸ್ಟನ್ನಿನವರದು, ಆಚೆಯದು ಗೇರಿನವರದು,
ನಾವು ಕಮಾನುಪಟ್ಟಿಯವರು.
ನನಗಿದು ಮೂರನೆಯ ತಿಂಗಳು. ಸೆರ್ವಾ ಅನ್ನುವುದಿಲ್ಲ ಯಾರೂ,
ಏ ಹುಡುಗಿ, ಹತ್ತೊಂಬತ್ತರ ಪಾನಾ, ಅನ್ನುತ್ತಾರೆ.

ವ್ಯಾನು ಜರ್ಮನಿಯಲ್ಲಿ ಬ್ರೆಡ್ಡು ಹೊರುತ್ತಿತ್ತಂತೆ.
ಬೇಕರಿಯ ಹೆಸರು ಬಣ್ಣದಡಿ ಇನ್ನೂ ಉಬ್ಬಿಕೊಂಡಿದೆ,
ಮಾಯ್ದ ಗಾಯದ ಹಾಗೆ.
ಇಲ್ಲಿ ಬಂದಮೇಲೆ ಇಪ್ಪತ್ತೆರಡು ಸೀಟು, ಇಪ್ಪತ್ತೊಂಬತ್ತು ಜನ,
ಹಿಂದಿನ ಗಾಜಿನ ಮೇಲೆ ಹಳದಿ ಅಕ್ಷರ:
ನಿಧಾನ, ನಾನೂ ಬರುತ್ತಿದ್ದೇನೆ.
ಬಾಗಿಲು ಬಲಕ್ಕೆ. ಹಾಗಾಗಿ ತೆಚಿಮಾನ್ ಸಂತೆಯ ಹೆಗ್ಗೆಣಸು
ಮೂಟೆ ಮೂಟೆಯಾಗಿ ಎಡಕ್ಕೆ, ಮೂಟೆಯ ಮೇಲೆ ಅದರ ಒಡತಿ,
ಒಡತಿಯ ಮಡಿಲಲ್ಲಿ ಟಿಕೆಟ್ಟಿಲ್ಲದ ಮಗು.

ಯು-ಬೋಲ್ಟಿನ ನಟ್ಟು ನಾಲ್ಕು. ಮೂರು ಬಂದವು.
ನಾಲ್ಕನೆಯದು ನಂಟು ಬಿಡದ ನೆಂಟ.
ಎಣ್ಣೆ ಬಿಟ್ಟೆ. ಕಾದೆ. ಪಾನಾಕ್ಕೆ ಪೈಪು ತೂರಿಸಿ
ಇಡೀ ಮೈಯಿಂದ ಜಗ್ಗಿದೆ, ಜಾರಿ
ಬೆರಳ ಗೆಣ್ಣು ಸುಲಿಯಿತು.
ಮೇಸ್ತ್ರಿ ನೋಡಿದರು. ಗ್ಯಾಸು ಹಚ್ಚಿ ಕೈಗಿತ್ತರು, ಅಷ್ಟೇ.
ಬ್ರೇಕಿನ ಹೋಸಿಗೆ ಒದ್ದೆ ಬಟ್ಟೆ ಸುತ್ತಿದೆ.
ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.
ಕೆಂಪಗಾದ ನಟ್ಟು ಒಮ್ಮೆ ಟಕ್ಕೆಂದಿತು, ಆಮೇಲೆ
ಹಟ ಮಾಡಿದ್ದೇ ಸುಳ್ಳೆನ್ನುವಂತೆ ತಿರುಗಿತು.

ಶಾಕಲ್ಲಿನ ಬೋಲ್ಟು ಮಾತ್ರ ಬರಲೇ ಇಲ್ಲ.
ಗರಗಸ, ಗರಗಸ, ಬುಶ್ಶಿನ ರಬ್ಬರು ಸುಟ್ಟ ನಾತ,
ಕಣ್ಣಿಗೆ ತುಕ್ಕಿನ ಪುಡಿ.
ಆಕ್ಸಲ್ಲಿಗೆ ಅಡಿಯಲ್ಲಿ ಮರದ ದಿಮ್ಮಿ ಕೊಟ್ಟು
ಪಟ್ಟಿಯ ಕಟ್ಟನ್ನು ಎಳೆದುಕೊಂಡೆವು ಇಬ್ಬರೂ.
ಬಲದ್ದು ಅರ್ಧ ಗಂಟೆಯಲ್ಲಿ ಬಂತು.
ಪಕ್ಕಪಕ್ಕ ಮಲಗಿಸಿದೆವು: ಬಲದ್ದು ಇನ್ನೂ ಬಿಲ್ಲು,
ಎಡದ್ದು ಹಲಗೆ.

ಕ್ಲಾಂಪು ಹಾಕು, ಅಂದರು. ಮಧ್ಯಾಹ್ನವಾಗಿತ್ತು.
ನಡುವಿನ ಬೋಲ್ಟನ್ನು ಹಾಗೇ ಬಿಚ್ಚಿದೆಯೋ,
ಇಪ್ಪತ್ತು ವರ್ಷ ಅದುಮಿಟ್ಟ ಮಾತನ್ನೆಲ್ಲ
ಒಂದೇ ಉಸಿರಿಗೆ ಆಡಿಬಿಡುತ್ತದೆ, ನಿನ್ನ ಮುಖಕ್ಕೆ.
ಮೆಲ್ಲಗೆ ಸಡಿಲಿಸಿದೆ. ಒಂದು, ಎರಡು,
ಮೂರನೆಯ ಪಟ್ಟಿ ಎರಡು ತುಂಡಾಗಿ ಕೈಗೆ ಬಂತು.
ಮುರಿದ ಬಾಯಿ ಪೂರ್ತಿ ಕಪ್ಪು,
ಒಂದು ಉಗುರಿನಷ್ಟು ಜಾಗ ಮಾತ್ರ ಹೊಳಪು.

ಡ್ರೈವರ್ ಬಾಫೋ ಟೈರಿನ ಮೇಲೆ ಕೂತಿದ್ದ.
ಗೊತ್ತಿತ್ತು, ಅಂದ.
ಮಳೆಗಾಲದಲ್ಲಿ, ಹಳ್ಳದ ತಿರುವಿನಲ್ಲಿ, ಕಡ್ ಅಂದಿತು.
ಜನ ಕೇಳಿಸಿಕೊಳ್ಳದಿರಲೆಂದು
ರೇಡಿಯೋ ಜೋರು ಮಾಡಿದೆ.
ಆಮೇಲೆ ದಿನಾ ಜೋರಾಗೇ ಇಟ್ಟೆ.

ಅಂಟ್ವಿ ಬೈಯಲಿಲ್ಲ. ಮುರಿದ ತುಂಡನ್ನು
ಅವನ ತೊಡೆಯ ಮೇಲಿಟ್ಟು ಕೈ ತೊಳೆಯಲು ಹೋದರು.

ಉದ್ದದ ತುಂಡು ಕುಲುಮೆಗೆ ಹೋಗುತ್ತದೆ,
ಯಾರದೋ ಕೋಕೋ ತೋಟದಲ್ಲಿ ಮಚ್ಚಾಗಿ ಕಳೆ ಸವರುತ್ತದೆ.
ಗಿಡ್ಡದ್ದನ್ನು ನಾನು ಕೇಳಿ ಇಟ್ಟುಕೊಂಡೆ,
ಮೀಟುಗೋಲಿಗಾದೀತು.

ಬಾಫೋ ಊಟದ ಡಬ್ಬಿ ತರಲು ವ್ಯಾನು ಹತ್ತಿದ.
ಮುದುಕಿಗೆ, ಮೂಟೆಗೆ, ಕೋಳಿಯ ಬುಟ್ಟಿಗೆ,
ಹೆಜ್ಜೆಯಿಟ್ಟ ಎಲ್ಲಕ್ಕೂ ಒಂದಿಷ್ಟು ತಗ್ಗಿ
ಬಾ ಅನ್ನುತ್ತಿದ್ದ ವ್ಯಾನು
ಇವತ್ತು ಅಲುಗಲಿಲ್ಲ.
ಮೆಟ್ಟಿಲಲ್ಲೇ ನಿಂತ. ಕೆಳಗೆ ನೋಡಿದ.
ಇಳಿದು, ಮತ್ತೊಮ್ಮೆ ಹತ್ತಿದ.

ಇಳಿ ಮಾರಾಯ, ಅಂದೆ,
ಸ್ಟ್ಯಾಂಡಿನ ಮೇಲಿದೆ ಅದು.